ಕುಷ್ಟಗಿ ಕಡೆಯ ಗಾಳಿ ವಿದ್ಯುತ್ ಫ್ಯಾನುಗಳು ಜೋರಾಗಿ ತಿರುಗುವಾಗ ಅದೇ ಲೈನಿನಲ್ಲಿ ಹೆಚ್ಚು ಕರೆಂಟ್ ಕಳಿಸಬಹುದೇ?

ಸಾಮಾನ್ಯವಾಗಿ ಕಳಿಸಬಹುದು. ತಂತಿ ಎಷ್ಟು ಬಿಸಿಯಾಗಬಹುದು ಎಂಬುದೇ ಹೆಚ್ಚಾಗಿ ಲೈನಿನ ಮಿತಿ. ಕರೆಂಟ್ ಹೆಚ್ಚಿದಂತೆ ಅಲ್ಯೂಮಿನಿಯಂ ತಂತಿ ಕಾದು ಹಿಗ್ಗಿ, ಟವರುಗಳ ನಡುವೆ ಜೋತು ಬೀಳುತ್ತದೆ. ಕೆಳಗೆ ಮೇವಿನ ಹೊರೆ ಹೊತ್ತ ಟ್ರ್ಯಾಕ್ಟರ್ ಹೋಗಬೇಕಲ್ಲ! ಅದಕ್ಕೇ ವರ್ಷಪೂರ್ತಿಗೆ ಒಂದೇ ಮಿತಿ ಹಾಕುವಾಗ ಸುಡುಬಿಸಿಲು, ಸೆಕೆಂಡಿಗೆ ಸುಮಾರು 0.6 ಮೀಟರ್‌ನ ಮಂದ ಗಾಳಿ ಎಂದು ಲೆಕ್ಕ ಹಿಡಿಯುವುದು ರೂಢಿ. ಆದರೆ ಆಷಾಢದಲ್ಲಿ ಫ್ಯಾನು ತಿರುಗಿಸುವ ಗಾಳಿಯೇ ತಂತಿಯನ್ನೂ ತಣಿಸುತ್ತಿರುತ್ತದೆ. ಹವಾಮಾನ ನೋಡಿ ಮಿತಿಯನ್ನು ಆಗಾಗ ಬದಲಿಸಿದರೆ ಹೊಸ ಲೈನ್ ಎಳೆಯದೆ ಹೆಚ್ಚು ಸಾಗಿಸಬಹುದು.

ಗಾಳಿ ತಂತಿಗೆ ಅಡ್ಡ ಬೀಸಬೇಕು. ಉದ್ದಕ್ಕೇ ಬೀಸಿದರೆ ಲಾಭ ಕಡಿಮೆ. ಗುಡ್ಡದ ಮರೆಯಲ್ಲಿ ಗಾಳಿ ತಾಗದ ಒಂದು ತುಂಡಿದ್ದರೂ ಇಡೀ ಲೈನಿಗೆ ಅದರದೇ ಮಿತಿ. ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರಿಗಂತೂ ಬೇರೆಯದೇ ಲೆಕ್ಕ.