ಟ್ರಿಗರ್ ಒತ್ತಿದವರಷ್ಟೇ ಸೈನಿಕರಾ?

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಕಾಲದ, ಯೂನಿಫಾರ್ಮ್ ತೊಟ್ಟ ಹೆಂಗಸರ ಫೋಟೋ ಹಾಕಿ ‘ಮಹಿಳಾ ಸೈನಿಕರು’ ಎಂದು ಬರೆದಿದ್ದೀರಿ. ಟೈಪ್ ಮಾಡಿದವರು, ಬ್ಯಾಂಡೇಜ್ ಕಟ್ಟಿದವರೆಲ್ಲ ಸೈನಿಕರೇ? ಗುಂಡು ಹಾರಿಸಿದವರು ಗಂಡಸರಲ್ಲವೇ?

ಸಂಪಾದಕರ ಉತ್ತರ: ಗುಂಡು ಹಾರಿಸಿದ ಹೆಂಗಸರೂ ಇದ್ದರು, ಆ ಮಾತು ಮೊದಲು ಮುಗಿಸಿಬಿಡೋಣ. ಸೋವಿಯತ್ ಸೇನೆಯ ಲ್ಯುಡ್ಮಿಲಾ ಪಾವ್ಲಿಚೆಂಕೊ ಹೆಸರಿನಲ್ಲಿ 309 ಶತ್ರುಗಳನ್ನು ಹೊಡೆದ ಲೆಕ್ಕವಿದೆ. 1942ರಲ್ಲಿ ಆಕೆ ಅಮೆರಿಕಕ್ಕೆ ಹೋದಾಗ ಪತ್ರಕರ್ತರು ಮಾತು ತೆಗೆದದ್ದು ಮೇಕಪ್ ಬಗ್ಗೆ, ಸ್ಕರ್ಟಿನ ಉದ್ದದ ಬಗ್ಗೆ. ನಮ್ಮ ಕಸುಬಿನವರೇ, ಏನು ಹೇಳುವುದು!

ಆದರೆ ನಿಮ್ಮ ತಕರಾರು ಗುಂಡು ಹಾರಿಸದವರ ಬಗ್ಗೆ, ಅಲ್ವಾ? ಹಾಗಾದರೆ ಬ್ರಿಟನ್ನಿನ ವಿಮಾನ ಹೊಡೆಯುವ ತೋಪುಗಳ ಹತ್ತಿರ ಬನ್ನಿ. 1941ರಿಂದ ಅಲ್ಲಿ ಗಂಡಸರ ಜೊತೆ ಎಟಿಎಸ್, ಅಂದರೆ ಬ್ರಿಟಿಷ್ ಸೇನೆಯ ಮಹಿಳಾ ದಳದ ಹುಡುಗಿಯರೂ ಇದ್ದರು. ಶತ್ರು ವಿಮಾನ ಬಂತೆಂದರೆ ಹೆಲ್ಮೆಟ್ ಹಾಕಿಕೊಂಡು ಓಡಿಬಂದು ಯಂತ್ರದ ಮುಂದೆ ನಿಲ್ಲಬೇಕು. ಕೆಲವರು ಅದರ ಎತ್ತರ ಅಳೆಯುತ್ತಿದ್ದರು. ಇನ್ನು ಕೆಲವರು ದುರ್ಬೀನಿಗೆ ಕಣ್ಣಿಟ್ಟು, ಕೈಯಲ್ಲಿ ಚಕ್ರ ತಿರುಗಿಸುತ್ತ ಅದರ ಬೆನ್ನು ಹತ್ತುತ್ತಿದ್ದರು. ಗುಂಡು ಮೇಲೆ ಮುಟ್ಟುವ ಹೊತ್ತಿಗೆ ವಿಮಾನ ಎಲ್ಲಿರುತ್ತದೆ? ಆ ಲೆಕ್ಕ ತೋಪಿಗೆ ಹೋಗುತ್ತಿದ್ದುದು ಇವರ ಯಂತ್ರದಿಂದ. ಇಷ್ಟಾದ ಮೇಲೆ ತೋಪು ಹಾರಿಸುವುದು ಮಾತ್ರ ಗಂಡಸರು. ಹೆಂಗಸರು ಹಾರಿಸಬಾರದು ಅಂತ ನಿಯಮ. ಬಾಂಬ್ ಬಿದ್ದರೆ ಇಬ್ಬರ ಮೇಲೂ ಬೀಳುತ್ತಿತ್ತು. ಈಗ ಹೇಳಿ, ವಿಮಾನ ಉರುಳಿದರೆ ಅದನ್ನು ಯಾರ ಖಾತೆಗೆ ಬರೆಯುತ್ತೀರಿ?

ಅಮೆರಿಕದಲ್ಲಿ ಸೇನೆಯ ವಿಮಾನ ಹಾರಿಸುತ್ತಿದ್ದ ‘ವಾಸ್ಪ್’ ಎಂಬ ಮಹಿಳಾ ಪೈಲಟ್ ದಳದ ಕಥೆ ಕೇಳಿದರೆ ಇನ್ನೂ ಜಾಸ್ತಿ ಬೇಜಾರಾಗುತ್ತದೆ. ಸಾವಿರಕ್ಕೂ ಹೆಚ್ಚು ಹೆಂಗಸರು. ಹೊಸ ಯುದ್ಧವಿಮಾನಗಳನ್ನು ಕಾರ್ಖಾನೆಯಿಂದ ಸೇನಾ ನೆಲೆಗೆ ಹಾರಿಸಿಕೊಂಡು ಹೋಗುತ್ತಿದ್ದರು. ಗುರಿ ಕಲಿಯುವ ಸೈನಿಕರು ನಿಜವಾದ ಗುಂಡು ಹೊಡೆಯಲೆಂದು ವಿಮಾನದ ಹಿಂದೆ ಬಟ್ಟೆ ಕಟ್ಟಿ ಎಳೆದುಕೊಂಡು ಹಾರುತ್ತಿದ್ದರು. ಕೆಲಸದಲ್ಲಿದ್ದಾಗ 38 ಜನ ಸತ್ತರು. ಯೂನಿಫಾರ್ಮ್ ಇತ್ತು, ಆದರೆ ಕಾಗದದಲ್ಲಿ ಅವರು ನಾಗರಿಕ ನೌಕರರು. ಹಾಗಾಗಿ ಶವ ಊರಿಗೆ ಕಳಿಸುವ ಖರ್ಚನ್ನೂ ಸೇನೆ ಕೊಡಲಿಲ್ಲ. ಜೊತೆಯವರೇ ಚಂದಾ ಎತ್ತಿ ಕಳಿಸಿದರು. ಅವರನ್ನು ಮಾಜಿ ಸೈನಿಕರೆಂದು ಒಪ್ಪುವ ಕಾನೂನು ಬಂದದ್ದು 1977ರಲ್ಲಿ.

ಒಂದು ತಪ್ಪು ನಮ್ಮದೂ ಇದೆ. ಫೋಟೋದಲ್ಲಿದ್ದವರು ಯಾವ ದಳ, ಏನು ಕೆಲಸ ಎಂದು ಹೇಳದೆ ಸುಮ್ನೆ ಎರಡು ಪದದಲ್ಲಿ ತೇಲಿಸಿಬಿಟ್ಟೆವು. ಮುಂದಿನ ಸಂಚಿಕೆಯಲ್ಲಿ ಸರಿಪಡಿಸುತ್ತೇವೆ. ‘ಸೈನಿಕರು’ ಎಂಬ ಪದವನ್ನು ಮಾತ್ರ ತೆಗೆಯುವುದಿಲ್ಲ.