ಓಕಿನಾವಾದ ಕೋಟೆಗಳು: ಒಂದೇ ದಿನವಿದ್ದರೆ ಯಾವುದು?

ಪ್ರಶ್ನೆ: ಸಿಂಹಗಡ, ರಾಜಗಡ ಹತ್ತಿ ರೂಢಿಯಿದೆ. ಫೆಬ್ರವರಿಯಲ್ಲಿ ಜಪಾನಿನ ಓಕಿನಾವಾಕ್ಕೆ ಹೊರಟಿದ್ದೇವೆ. ಅಲ್ಲಿನ ರ್ಯೂಕ್ಯೂ ರಾಜರ ಕಾಲದ ಗುಡ್ಡದ ಕೋಟೆಗಳಿಗೆ ಸಿಗುವುದು ಒಂದೇ ದಿನ. ಜೊತೆಗೆ ಮಂಡಿನೋವಿರುವ ಅತ್ತೆಯವರು. ಯಾವುದನ್ನು ನೋಡೋಣ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಬೆಳಿಗ್ಗೆ ನಕಗುಸುಕು, ಮಧ್ಯಾಹ್ನ ಝಕಿಮಿ. 2000ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಐದು ಕೋಟೆಗಳಲ್ಲಿ ಇವೂ ಇವೆ. ನಕಿಜಿನ್ ಕೂಡ ಸೊಗಸಾದದ್ದೇ, ಆದರೆ ದೂರದ ಉತ್ತರದಲ್ಲಿದೆ. ಅಲ್ಲಿಗೆ ಹೋದರೆ ದಿನ ಅದಕ್ಕೇ ಸರಿಹೋಗುತ್ತದೆ. ಕತ್ಸುರೆನ್ ಕಡಿದಾದ ಏರು, ಅತ್ತೆಯವರಿಗೆ ಬೇಡ.

ನಕಗುಸುಕುವಿನಲ್ಲಿ ಗೋಡೆಗಳನ್ನು ಹತ್ತಿರ ನಿಂತು ನೋಡಿ. ದಕ್ಷಿಣದ ಆವರಣದಲ್ಲಿ ಕಲ್ಲುಗಳನ್ನು ಕೆತ್ತದೆ ಸಿಕ್ಕ ಹಾಗೆ ಪೇರಿಸಿದ್ದಾರೆ. ಮುಖ್ಯ ಆವರಣದಲ್ಲೂ ಎರಡನೆಯದರಲ್ಲೂ ಚೌಕ ಕಡಿದ ಕಲ್ಲುಗಳು ಸಾಲುಸಾಲಾಗಿವೆ. ಮೂರನೆಯದರಲ್ಲಿ, ಅಂದರೆ 15ನೆಯ ಶತಮಾನದಲ್ಲಿ ಗೊಸಮಾರು ಎಂಬ ಸರದಾರ ಸೇರಿಸಿದ ಭಾಗದಲ್ಲಿ, ಐದಾರು ಮೂಲೆಯ ಕಲ್ಲುಗಳು ಒಂದರೊಳಗೊಂದು ಕೂತಿವೆ. ಉದ್ದಕ್ಕೆ ಓಡುವ ಸಂದೇ ಇಲ್ಲದ್ದರಿಂದ ಭಾರ ಎಲ್ಲ ಕಡೆಗೆ ಹಂಚಿಹೋಗುತ್ತದೆ. ಮೂರೂ ಬಗೆ ಒಂದೇ ಕೋಟೆಯಲ್ಲಿರುವುದರಿಂದಲೇ ಇದಕ್ಕೆ ನಮ್ಮ ಮೊದಲ ಮತ.

ಝಕಿಮಿ ಚಿಕ್ಕದು, ಪ್ರವೇಶ ಉಚಿತ. ಕೆಂಪು ಮಣ್ಣಿನ ಸಡಿಲ ನೆಲದ ಮೇಲೆ ನಿಲ್ಲಬೇಕಾದ್ದರಿಂದ ಗೋಡೆ ದಪ್ಪವಾಗಿ, ಬಳುಕಿಕೊಂಡು ಸಾಗುತ್ತದೆ. ಕಮಾನಿನ ನೆತ್ತಿಯ ಬೆಣೆಕಲ್ಲನ್ನು ಮರೆಯದೆ ನೋಡಿ.

ಸಹ್ಯಾದ್ರಿಯ ಕರಿಕಲ್ಲಿನ ಅಂದಾಜು ಇಲ್ಲಿ ಕೆಲಸಕ್ಕೆ ಬಾರದು. ಇದು ಹವಳದಿಂದಾದ ಸುಣ್ಣಕಲ್ಲು. ಕಾಲು ತಗುಲಿ ನುಣುಪಾದ ಮೆಟ್ಟಿಲು ಮಳೆಯಲ್ಲಿ ಜಾರುತ್ತದೆ. ಅಟ್ಟೆ ಸವೆದ ಶೂ ಬೇಡ. ಅತ್ತೆಯವರಿಗೆ ರಬ್ಬರ್ ತುದಿಯ ಊರುಗೋಲು ಕೊಡಿ. ಗೋಡೆ ಏರಬೇಡಿ, ಸಂದುಗಳಲ್ಲಿ, ಹುಲ್ಲಿನಲ್ಲಿ ಕೈ ಹಾಕಬೇಡಿ, ಹಬು ಎಂಬ ವಿಷದ ಹಾವಿದೆ. ಕೋಟೆಯೊಳಗೆ ಧೂಪದ ಪಾತ್ರೆಯಿಟ್ಟ ಕಲ್ಲುಗಳು ಕಂಡರೆ ಅದು ಇಂದಿಗೂ ಪೂಜೆ ನಡೆಯುವ ಜಾಗ. ಅಲ್ಲಿ ಕೂರಬಾರದು, ಯಾವುದನ್ನೂ ಸರಿಸಬಾರದು.

ಪ್ರಶ್ನೆ: ಅಲ್ಲಿ ಕಾರು ಬಾಡಿಗೆಗೆ ಪಡೆದು ನಾವೇ ಓಡಿಸಬಹುದೇ?
– ಓದುಗರು, ಠಾಣೆ

ಉತ್ತರ: ಓಡಿಸಬಹುದು. ಎರಡು ಕೋಟೆ ಒಂದೇ ದಿನಕ್ಕೆ ಬೇಕೆಂದರೆ ಬಸ್ಸು ನಂಬುವುದಕ್ಕಿಂತ ಅದೇ ಮೇಲು. ನಮ್ಮಂತೆಯೇ ಎಡಬದಿಯ ಸಂಚಾರ. ಆದರೆ ಭಾರತದ ಲೈಸೆನ್ಸ್ ಒಂದೇ ಸಾಲದು. 1949ರ ಜಿನೀವಾ ಒಪ್ಪಂದದ ಪ್ರಕಾರದ ಅಂತರರಾಷ್ಟ್ರೀಯ ಪರವಾನಗಿಯನ್ನು ಹೊರಡುವ ಮೊದಲೇ ಆರ್‌ಟಿಒದಿಂದ ಪಡೆಯಬೇಕು. ಪುಸ್ತಿಕೆಯ ಮೇಲೆ ಆ ವರ್ಷ ಅಚ್ಚಾಗಿದೆಯೇ ನೋಡಿಕೊಳ್ಳಿ. ಬಾಡಿಗೆ ಕೌಂಟರಿನಲ್ಲಿ ಜೆರಾಕ್ಸ್ ನಡೆಯುವುದಿಲ್ಲ. ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಎರಡೂ ಜೊತೆಗಿರಲಿ.