ಓದುಗರ ಪ್ರಶ್ನೆ: ಗೀಜಗನ ಅರ್ಧ ಗೂಡು

ಪ್ರಶ್ನೆ: ಎರಡು ವರ್ಷ ದುಡಿದು ಕಟ್ಟಿದ ಅಂಗಡಿಯನ್ನು ಮುಚ್ಚಬೇಕಾಯಿತು. ಪ್ರಕೃತಿಯನ್ನು ನೋಡಿ ಕಲಿ ಎಂದು ಹಿರಿಯರು ಹೇಳುತ್ತಾರೆ. ಅದರಿಂದ ಕಲಿಯುವುದು ನಿಜಕ್ಕೂ ಏನಿದೆ?
– ಓದುಗರೊಬ್ಬರು, ಮದ್ದೂರು

ಉತ್ತರ: ನಿಮ್ಮ ನೋವು ಸಣ್ಣದಲ್ಲ, ಅದಕ್ಕೆ ಪ್ರಕೃತಿಯಲ್ಲಿ ಸಿದ್ಧ ಉತ್ತರವಿದೆ ಎಂದು ನಾನು ಹೇಳಲಾರೆ. ಆದರೆ ಮುಂಗಾರಿನ ದಿನಗಳಲ್ಲಿ ನಮ್ಮ ಮಂಡ್ಯದ ಗದ್ದೆ ಬಯಲಿನ ಈಚಲು ಮರಗಳಿಗೆ ಜೋತುಬಿದ್ದ ಗೀಜಗನ ಗೂಡುಗಳನ್ನು ಒಮ್ಮೆ ನಿಂತು ನೋಡಿ. ಗಂಡು ಹಕ್ಕಿ ಭತ್ತದ ಗರಿಯನ್ನು ಉದ್ದುದ್ದ ಸೀಳಿ ತಂದು, ಮೊದಲು ಉಂಗುರದಂತೆ, ಆಮೇಲೆ ಟೋಪಿಯಂತೆ ನೇಯ್ದು, ಒಳಗೆ ಹಸಿಮಣ್ಣು ಮೆತ್ತಿ, ಅಷ್ಟಕ್ಕೇ ನಿಲ್ಲಿಸಿ ರೆಕ್ಕೆ ಬಡಿಯುತ್ತಾ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಮೊಟ್ಟೆಯ ಕೋಣೆಯೂ ಕೊಳವೆಯಂಥ ದಾರಿಯೂ ಪೂರ್ಣಗೊಳ್ಳುತ್ತವೆ. ಒಪ್ಪದ ಗೂಡು ಅರ್ಧಕ್ಕೇ ಉಳಿಯುತ್ತದೆ. ಗಂಡು ಇನ್ನೊಂದು ಗೂಡಿಗೆ ತೊಡಗುತ್ತದೆ. ಪೂರ್ತಿ ಕಟ್ಟುವ ಮೊದಲೇ ತೋರಿಸಿ ಒಪ್ಪಿಗೆ ಕೇಳುವ ಈ ಕ್ರಮವೇ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ನಾವು ಇದ್ದ ಬಂಡವಾಳವನ್ನೆಲ್ಲ ಹೂಡಿದ ಮೇಲೆ ಗಿರಾಕಿಯನ್ನು ಹುಡುಕುತ್ತೇವೆ.

ಕಂಡದ್ದೆಲ್ಲ ಅನುಕರಣೀಯವಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆಯೂ ಪ್ರಕೃತಿಯೇ. ನಿಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಹುಣಸೆ ಮರಗಳಲ್ಲಿ ಗೂಡು ಕಟ್ಟಿದಾಗ ಊರಿನವರು ಅವುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಯುತ್ತಾರೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಅಂಥ ನೆರೆಹೊರೆ ನಿಮಗೂ ಇರಬೇಕು. ಹೊಸ ಅಂಗಡಿಗೆ ಮುಂಗಡ ಕೊಡುವ ಮುನ್ನ ನಾಲ್ಕು ವಾರ ಸಂತೆಯಲ್ಲಿ ಸರಕು ಹರಡಿ, ಯಾರು ಏನು ಕೇಳಿದರೆಂದು ಬರೆದಿಡಿ.